ತಾರವ್ವ ಯಾವ ಕಾಲಮ್ಮಿಗೆ?

"ಹದಿನೆಂಟ ವರ್ಷ ಈ ಖಾರದಾಗ ಕಣ್ಣು ಸುಟಗೊಂಡೇನ್ರೀ ನಾ! ಈ ಹಾಳಿ ಮ್ಯಾಲ ನನಗೊಂದು ಜಾಗಾ ಇಲ್ಲಂದ್ರ ಹೆಂಗ?"

"ಹಾಳಿ ಮ್ಯಾಲ ಜಾಗಾ ತಗೊಂಡು ಏನ ಮನಿ ಕಟ್ಟಸ್ತೀಯೇನ? ಸುಮ್ನ ಒಳಗ ನಡಿ!"

"ನಾ ಒಳಗ ಹ್ವಾದ್ರ ಮೆಣಸಿನಕಾಯಿ ಯಾರು ಹುರಿತಾರ? ನೀವ ಹುರಿತೀರೇನು?"

"ಹುರಿತೀನಿ! ಹುರಿಯೂದೇನು ದೊಡ್ಡ ಬ್ರಹ್ಮವಿದ್ಯಾ ಐತೇನಬೇ?"

ತೊಂಬತ್ತೆರಡನೆಯ ಇಸವಿಯ ಯುಗಾದಿ ಪಾಡ್ಯ. ಬೇವು-ಬೆಲ್ಲ ಇನ್ನೂ ಯಾರ ಬಾಯಿಗೂ ಬಿದ್ದಿರಲಿಲ್ಲ. ಅಷ್ಟರಲ್ಲೇ ಹಾರೂಗೇರಿಯ ಬಜಾರದಲ್ಲಿ ಭರಮುವಿನ ಮಸಾಲೆ ಖಾರದ ಅಂಗಡಿಯಿಂದ ಈ ಮಾತುಗಳು ಹೊರಬಿದ್ದು, ಎದುರಿನ ಬಾಳಾಸಾಬನ ಚಹಾದ ಅಂಗಡಿಯಲ್ಲಿ ಕುಳಿತವರ ಕಪ್ಪು-ಬಸಿಗಳು ಬಾಯಿಯ ಹತ್ತಿರವೇ ನಿಂತುಬಿಟ್ಟವು.

ಜಗಳದ ಮೂಲ ಒಂದು ಫಾರ್ಮು. ಅಂಗಡಿಯ ಪರವಾನಗಿ ಹೊಸದಾಗಿ ಮಾಡಿಸಬೇಕೆಂದು ಪಂಚಾಯಿತಿಯ ಸಿಪಾಯಿ ಹಿಂದಿನ ದಿನ ಕೊಟ್ಟುಹೋಗಿದ್ದ. ಅದರಲ್ಲಿ ಮೂರು ಕಾಲಮ್ಮು: ಮಾಲೀಕರು ಯಾರು, ಪಾಲುದಾರರು ಯಾರು, ಕೆಲಸಗಾರರು ಯಾರು. ಭರಮು ಮೊದಲನೆಯದರಲ್ಲಿ ತನ್ನ ಹೆಸರು ಬರೆದು ಉಳಿದೆರಡಕ್ಕೂ ಅಡ್ಡಗೆರೆ ಎಳೆಯಲು ಹೊರಟಿದ್ದ. ಗೆರೆ ಎಳೆಯುವ ಮುಂಚೆ ತಾರವ್ವ ಬಂದು ಪೆನ್ನು ಹಿಡಿದುಕೊಂಡಳು. ಅವಳು ನಾಲ್ಕನೆಯ ಇಯತ್ತೆಯವರೆಗೆ ಶಾಲೆ ಓದಿದ್ದಳು. ಅಡ್ಡಗೆರೆಯ ಅರ್ಥ ತಿಳಿಯಲು ಅಷ್ಟು ಸಾಕು.

ಯಂತ್ರ ಭರಮುವಿನದು, ಅದು ಸುಳ್ಳಲ್ಲ. ಅಪ್ಪ ಜಕ್ಕಪ್ಪ ಬಿಟ್ಟುಹೋದ ಕುರಿಗಳನ್ನು ಮಾರಿ, ನಾಲ್ಕು ಕಬ್ಬಿಣದ ಒನಕೆಗಳು ಮೇಲೆ ಕೆಳಗೆ ಬಡಿಯುವ ಖಾರ ಕುಟ್ಟುವ ಯಂತ್ರವನ್ನು ಅವನು ಮಿರಜಿನಿಂದ ತಂದಿದ್ದ. ಸ್ವಿಚ್ಚು ಹಾಕುವವನೂ ಅವನೇ, ತೂಕ ಮಾಡಿ ಕಟ್ಟಿಕೊಡುವವನೂ ಅವನೇ. ನಡುವೆ ಉಳಿದದ್ದೆಲ್ಲ ತಾರವ್ವ. ಸಂಕೇಶ್ವರಿ ಮೆಣಸಿನಕಾಯಿ ಎಷ್ಟು, ಬ್ಯಾಡಗಿ ಎಷ್ಟು, ಕೊಬ್ಬರಿ ಎಷ್ಟು ಕೆಂಪಾಗಬೇಕು, ಎಳ್ಳು ಯಾವಾಗ ಇಳಿಸಬೇಕು, ಬಳ್ಳೊಳ್ಳಿ ಎಷ್ಟನೇ ಪೆಟ್ಟಿಗೆ ಬೀಳಬೇಕು, ಎಲ್ಲ ಅವಳ ಕೈಗೆ ಗೊತ್ತಿತ್ತು. ಕಾಗವಾಡದಿಂದ, ರಾಯಬಾಗದಿಂದ ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದದ್ದು ಆ ಕೈಯನ್ನು ಹುಡುಕಿಕೊಂಡು. ಭರಮು ಮಾತ್ರ ತನ್ನ ಯಂತ್ರವನ್ನು ಹುಡುಕಿಕೊಂಡು ಬರುತ್ತಾರೆ ಎಂದುಕೊಂಡಿದ್ದ. ಆ ತಿಳುವಳಿಕೆ ಅವನನ್ನು ಹದಿನೆಂಟು ವರ್ಷ ಸುಖವಾಗಿಟ್ಟಿತ್ತು.

ಅವನ ಸಿಟ್ಟು ಮೂರು ಫೇಜಿನ ಕರೆಂಟಿನಂಥದು. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಬಂದಾಗ ಮಾತ್ರ ಏನಾದರೊಂದು ಸುಟ್ಟೇ ಹೋಗುತ್ತಿತ್ತು.

"ಏ ಭರಮು, ಹಬ್ಬದ ದಿನಾ ಏನಪಾ ಇದು?" ಎನ್ನುತ್ತ ಜಿನ್ನಪ್ಪ ಚಹಾದ ಅಂಗಡಿಯಿಂದ ಎದ್ದು ಬಂದ. ತಹಶೀಲ ಕಚೇರಿಯಿಂದ ರಿಟೈರ್ ಆದಮೇಲೆ ಬಾಂಡು, ಕರಾರುಪತ್ರ ಬರೆಯುವುದೇ ಅವನ ಕಸುಬು. ಬರೆಸುವವರು ಸಿಗದ ದಿನ ಪುಕ್ಕಟೆ ಸಲಹೆ ಕೊಡುತ್ತಿದ್ದ. ಅವನ ಹಿಂದೆ ಕೈಯಲ್ಲಿ ಚಹಾದ ಸೋಸಣಿಗೆ ಹಿಡಿದುಕೊಂಡೇ ಬಾಳಾಸಾಬನೂ ಬಂದ.

ಜಿನ್ನಪ್ಪ ಫಾರ್ಮನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಭರಮುವನ್ನು ಯಂತ್ರದ ಮರೆಗೆ ಕರೆದೊಯ್ದ. "ಹುಚ್ಚ ಅದೀಯೇನ? ಪಾಲುದಾರಳು ಅಂತ ಬರದಿ ಅಂದ್ರ ಅರ್ಧಾ ಯಂತ್ರ ಅಕಿದು. ನಾಳಿ ಎರಡು ಒನಕಿ ಬಿಚಗೊಂಡು ತವರಮನಿಗೆ ಹ್ವಾದ್ರ ಏನ ಮಾಡ್ತಿ? ಕೆಲಸಗಾರಳು ಅಂತ ಬರೀ. ತಿಂಗಳಿಗಿಷ್ಟು ಪಗಾರ ಅನ್ನು. ಆ ಪಗಾರ ಎಲ್ಲಿ ಹೋಗತೈತಿ? ತಿರುಗಿ ನಿನ್ನ ಮನೀ ಡಬ್ಬೀಗೇ ಬರತೈತಿ. ಅಕೀಗೂ ಒಂದು ಕಾಲಮ್ಮು ಸಿಕ್ಕಂಗ ಆತು, ನಿನ್ನ ಯಂತ್ರಾನೂ ಉಳೀತು."

ಇಷ್ಟು ಒಳ್ಳೆಯ ಸಲಹೆ ಭರಮುವಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಅವನು ಅದನ್ನು ಸಮಾಧಾನದಿಂದ ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸಮಾಧಾನದ ಕರೆಂಟು ಆ ದಿನ ಇರಲಿಲ್ಲ. ಬಾಳಾಸಾಬನ ಅಂಗಡಿಯಿಂದ ಎರಡು ವೀಳ್ಯದೆಲೆ, ಒಂದು ಅಡಿಕೆ ಕಿತ್ತುಕೊಂಡು ಬಂದು, ನಡು ಬಜಾರದಲ್ಲಿ ನಿಂತು ಕೂಗಿದ.

"ಕಾಲಮ್ಮು ಬೇಕಲ್ಲಾ ನಿನಗ? ಇವತ್ತ ಪಾಡ್ಯಾ. ಹಿಡಿ ಎಲಿ ಅಡಕಿ! ಇವತ್ತಿನಿಂದ ನೀ ನನ್ನ ಅಂಗಡಿ ಆಳು!"

ಆ ಕಡೆಯ ಊರುಗಳಲ್ಲಿ ಪಾಡ್ಯ ಆಳುಗಳ ದಿನ. ವರ್ಷದ ಆಳು ನಾಲ್ಕು ಜನರ ಮುಂದೆ ಧಣಿಯ ಕೈಯಿಂದ ಎಲೆ ಅಡಿಕೆ ಹಿಡಿದನೆಂದರೆ ಮುಗಿಯಿತು, ಮುಂದಿನ ಪಾಡ್ಯದವರೆಗೆ ಅವನು ಬಿಟ್ಟುಹೋಗುವಂತಿಲ್ಲ, ಧಣಿ ತೆಗೆದುಹಾಕುವಂತಿಲ್ಲ. ಎರಡು ಹೊತ್ತು ಊಟ, ಒಂದು ಕಂಬಳಿ, ಒಂದು ಜೋಡು ಚಪ್ಪಲಿ, ಅಮಾವಾಸ್ಯೆಗೆ ರಜೆ. ಯಾವ ಬಾಂಡೂ ಬೇಡ. ಹೊಲದ ಆಳಿಗೆ, ಕುರಿಯ ಆಳಿಗೆ ಎಲೆ ಅಡಿಕೆ ಕೊಟ್ಟದ್ದನ್ನು ಎಲ್ಲರೂ ನೋಡಿದ್ದರು. ಕೈಹಿಡಿದ ಹೆಂಡತಿಗೆ ಕೊಟ್ಟದ್ದನ್ನು ಯಾರೂ ನೋಡಿರಲಿಲ್ಲ.

ತಾರವ್ವ ಅಳುತ್ತಾಳೆ, ಸೆರಗು ಬಾಯಿಗೆ ಹಿಡಿದು ಒಳಗೆ ಓಡುತ್ತಾಳೆ ಎಂದು ಭರಮು ಲೆಕ್ಕ ಹಾಕಿದ್ದ. ಅವಳು ಕೈ ತೊಳೆದುಕೊಂಡು ಬಂದಳು, ಸೆರಗು ಒಡ್ಡಿದಳು.

"ನಾಕ ಮಂದಿ ನೋಡ್ರೆಪಾ," ಎಂದಳು. "ಬರೂ ಪಾಡ್ಯಾತನಕ ನಾ ಈ ಅಂಗಡಿ ಆಳು. ಮಾತಂದ್ರ ಮಾತು."

"ಅರೆ ದೇವಾ!" ಎಂದ ಬಾಳಾಸಾಬ. ಅವನ ಸೋಸಣಿಗೆಯಿಂದ ಚಹಾಪುಡಿ ಜಿನ್ನಪ್ಪನ ಬಿಳಿ ಟೊಪ್ಪಿಗೆಯ ಮೇಲೆ ಬಿತ್ತು.

ಫಾರ್ಮು ತುಂಬಿತು. ಕೆಲಸಗಾರರು: ಒಬ್ಬರು. ಭರಮು ಮೀಸೆ ತೀಡಿಕೊಂಡ. ಆ ಸಂತೋಷ ಕಾಲು ತಾಸು ಬಾಳಿತು.

* * *

"ಏ, ಹೊತ್ತೇರಾಕತ್ತೈತಿ. ಜುಗೂಳದ ಕಸ್ತೂರೆವ್ವ ಬರೂ ಹೊತ್ತಾತು. ಮೆಣಸಿನಕಾಯಿ ತೊಟ್ಟು ತಗಿಯಾಕ ಕುಂಡ್ರಬೇ."

ತಾರವ್ವ ಅಂಗಡಿಯ ಕಟ್ಟೆಯ ಮೇಲೆ ಕೈ ಕಟ್ಟಿ ಕುಳಿತಿದ್ದಳು. "ಧಣೇರ, ಹೊಸಾ ಆಳು ಪಾಡ್ಯಾ ದಿನಾ ಕೆಲಸಾ ಮಾಡೂದಿಲ್ರಿ. ಧಣೇರ ಮನ್ಯಾಗ ಹೋಳಿಗಿ ಉಂಡು, ಮರುದಿನ ಕೆಲಸಕ್ಕ ಹತ್ತತಾನ."

ಭರಮು ಜಿನ್ನಪ್ಪನ ಕಡೆ ನೋಡಿದ. ಜಿನ್ನಪ್ಪ ಟೊಪ್ಪಿಗೆ ಝಾಡಿಸುತ್ತ, "ಪದ್ಧತಿ ಹಂಗ ಐತಪಾ," ಎಂದ.

"ಆತು, ಉಣ್ಣು. ಹೋಳಿಗಿ ಮಾಡಿ ಉಣ್ಣು, ಯಾರು ಬ್ಯಾಡಂದ್ರು?"

"ಆಳು ಮಾಡೂದಿಲ್ರಿ. ಧಣೇರ ಹೆಂಡ್ತಿ ಮಾಡಿ ಹಾಕತಾಳ."

"ಧಣಿ ಹೆಂಡ್ತಿ ನೀನ ಅಲ್ಲೇನ!"

"ಹೌದ್ರಿ. ಆದ್ರ ಫಾರ್ಮಿನ್ಯಾಗ ಹೆಂಡ್ತಿ ಅಂತ ಕಾಲಮ್ಮ ಇಲ್ಲ. ನನ್ನ ನೀವು ಆಳಿನ ಕಾಲಮ್ಮಿನಾಗ ಹಾಕೀರಿ."

ಚಹಾದ ಅಂಗಡಿಯಲ್ಲಿ ಯಾರೋ ನಕ್ಕರು. ಆ ನಗೆ ಕಿವಿಗೆ ಬೀಳದಿದ್ದರೆ ಭರಮು ಅಲ್ಲೇ ಸೋಲು ಒಪ್ಪಿಕೊಳ್ಳುತ್ತಿದ್ದನೇನೋ. ಕಿವಿಗೆ ಬಿತ್ತು. ಧೋತರ ಮೇಲೆ ಕಟ್ಟಿಕೊಂಡು ಹಿಂದಿನ ಅಡಿಗೆಮನೆಗೆ ನುಗ್ಗಿದ. ಇದ್ದೊಬ್ಬ ಮಗಳನ್ನು ಹೋದ ವರ್ಷ ಅಥಣಿಗೆ ಕೊಟ್ಟಾಗಿತ್ತು. ಅಡಿಗೆಮನೆಯಲ್ಲಿ ಅವನ ಸಹಾಯಕ್ಕೆ ಗೋಡೆಯ ಮೇಲಿನ ಹಲ್ಲಿಯೊಂದೇ ಇತ್ತು.

ಹೂರಣಕ್ಕೆಂದು ತಾರವ್ವ ನಸುಕಿನಲ್ಲೇ ಬೇಳೆ ಕುದಿಸಿಟ್ಟಿದ್ದಳು. ಬೆಲ್ಲ ಹಾಕಬೇಕೆಂದು ಭರಮುವಿಗೆ ಗೊತ್ತಿತ್ತು. ಎಷ್ಟೆಂದು ಗೊತ್ತಿರಲಿಲ್ಲ. ಅರ್ಧ ಪೆಂಟಿ ಹಾಕಿದ. ಹೂರಣ ಹೊಳೆಯಾಗಿ ಹರಿಯಿತು. ಅದನ್ನು ಹಿಡಿದು ನಿಲ್ಲಿಸಲು ಗೋಧಿ ಹಿಟ್ಟು ಹಾಕಿದ, ಹಿಟ್ಟು ಹೆಚ್ಚಾಯಿತೆಂದು ನೀರು ಹಾಕಿದ, ಕಡೆಗೆ ಹೂರಣ ಯಾವುದು ಕಣಕ ಯಾವುದು ಎಂಬ ಭೇದವೇ ಉಳಿಯಲಿಲ್ಲ. ತಟ್ಟಿ ಹಂಚಿನ ಮೇಲೆ ಎಸೆದ. ಬೆಲ್ಲ ಸುಟ್ಟ ಕಮಟು ಹಿಡಿದುಕೊಂಡು ಬಾಳಾಸಾಬ ಕಿಟಕಿಯಲ್ಲಿ ಇಣುಕಿದ.

"ಭರಮುಭಾವು, ಇದಕೊಂದು ಅಂಗಟಾ ಹಚ್ಚರಿ. ಅಥಣಿ ಪ್ಯಾಟ್ಯಾಗ ಜೋಡಿ ಲೆಕ್ಕದಾಗ ಮಾರಿ ಬರೂನು, ಚಪ್ಪಲಿ ಅಂತ."

"ನಿನ್ನ ಚಹಾ ಎಮ್ಮಿ ಕುಡಿಯೂದಿಲ್ಲ, ನನಗ ಹೇಳಾಕ ಬಂದೀ?"

ತಾರವ್ವ ತಾಟಿನ ಮುಂದೆ ಕುಳಿತು, ಎರಡು ಕೈಯಿಂದ ಎಳೆದು ಎಳೆದು ಹರಿದು, ಒಂದು ಚೂರೂ ಬಿಡದೆ ತಿಂದಳು. ಹೇಗಾಗಿದೆ ಎಂದು ಬಾಳಾಸಾಬ ಕೇಳಿದ್ದಕ್ಕೆ, "ಧಣೇರ ಮನಿ ಊಟಕ್ಕ ಆಳು ಹೆಸರಿಡಬಾರದ್ರಿ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಹೋಳಿಗೆ ಗಟ್ಟಿಯಾಗಿದ್ದಕ್ಕೆ ಎಂದು ಭರಮು ತಿಳಿದುಕೊಂಡ. ಎಷ್ಟೋ ದಿನಗಳ ಮೇಲೆ ಆ ಕಣ್ಣು ನೆನಪಾದಾಗ ಅವನಿಗೆ ಹಾಗನ್ನಿಸಲಿಲ್ಲ.

* * *

ಮಧ್ಯಾಹ್ನ ಕಸ್ತೂರೆವ್ವನ ಟೆಂಪೊ ಬಂದು ನಿಂತಿತು. ಮೂವತ್ತು ಕಿಲೋ ಮೆಣಸಿನಕಾಯಿ, ಎರಡು ಚೀಲ ಸಾಮಾನು. ಮಗಳ ಮದುವೆ. ಮರುದಿನವೇ ದೇವರ ಊಟ, ಬೀಗರು ಸಾಂಗಲಿ ಕಡೆಯವರು, ಸಾರಿನಲ್ಲಿ ತುಸು ಹೆಚ್ಚು ಕಡಿಮೆಯಾದರೂ ಮೊಮ್ಮಕ್ಕಳ ಕಾಲದವರೆಗೆ ಆಡಿಕೊಳ್ಳುವ ಮಂದಿ. ಅವಳು ಟೆಂಪೊದಿಂದ ಇಳಿಯುತ್ತಲೇ, "ತಾರವ್ವಾ, ಸಂಜೀಕ ತಗೊಂಡ ಹೋಗ್ತೀನವಾ," ಎಂದಳು.

"ನಾ ಇವತ್ತ ಆಳು ಅದೀನ್ರಿ ಅಕ್ಕಾ. ಧಣೇರನ ಕೇಳ್ರಿ."

ಭರಮು ಎದೆಯುಬ್ಬಿಸಿ ಬಂದ. "ನಾ ಮಾಡಿಕೊಡ್ತೀನಿ ಬಿಡ್ರಿ. ಯಂತ್ರ ನಂದ ಐತಿ."

ಮೆಣಸಿನಕಾಯಿ ಹುರಿಯುವಾಗ ತಾರವ್ವ ಎರಡೂ ಕಡೆಯ ಬಾಗಿಲು ತೆರೆದಿಡುತ್ತಿದ್ದಳು, ಒಲೆ ಸಣ್ಣಗಿಡುತ್ತಿದ್ದಳು, ಹಿಡಿಯಷ್ಟೇ ಹಾಕುತ್ತಿದ್ದಳು. ಭರಮು ಮಂದಿ ನೋಡಬಾರದೆಂದು ಬಾಗಿಲು ಹಾಕಿದ, ಬೇಗ ಮುಗಿಯಲೆಂದು ಒಲೆ ದೊಡ್ಡದು ಮಾಡಿದ, ಐದು ಕಿಲೋ ಒಮ್ಮೆಲೇ ಸುರುವಿದ. ಮೊದಲು ಅವನಿಗೇ ಸೀನು ಬಂತು. ಒಂದು, ಎರಡು, ಏಳು. ಆಮೇಲೆ ಎಣಿಸಲು ಬಿಡುವಾಗಲಿಲ್ಲ. ಉಸಿರು ಸಿಗದೆ ಬಾಗಿಲು ಒದ್ದು ತೆರೆದ. ಒಳಗಿದ್ದ ಘಾಟು ಇಡಿಯಾಗಿ ಬಜಾರಕ್ಕೆ ನುಗ್ಗಿತು.

ಚಹಾದ ಅಂಗಡಿ ಒಂದು ನಿಮಿಷದಲ್ಲಿ ಖಾಲಿ. ಬಾಳಾಸಾಬ ಪಾಡ್ಯಕ್ಕೆಂದು ಸೀರೆ, ತಂಬಿಗೆ ಕಟ್ಟಿ ತನ್ನ ಮನೆಯ ಮುಂದೆ ಏರಿಸಿದ್ದ ಗುಡಿಯ ಕೋಲನ್ನು ತಬ್ಬಿಕೊಂಡು ಕೆಮ್ಮುತ್ತಿದ್ದ. ರಾಯಬಾಗದ ಬಸ್ಸು ತಿರುವಿನಲ್ಲಿ ನಿಂತು, ಮೂವತ್ತು ಜನ ಒಂದೇ ತಾಳದಲ್ಲಿ ಸೀನಿದರು. ಕಂಡಕ್ಟರು ಸೀಟಿ ಊದಲು ಬಾಯಿಗಿಟ್ಟ. ಸೀಟಿಯೂ ಸೀನಿತು.

ಬಾಣಲೆಯಲ್ಲಿದ್ದದ್ದು ಇದ್ದಿಲು. ಕಸ್ತೂರೆವ್ವ ಅದರಲ್ಲಿ ಒಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಏನಿದು? ಮಗಳ ಮದವಿಗೆ ಖಾರ ಕೇಳಿದ್ನೋ, ಹಲ್ಲು ತಿಕ್ಕಾಕ ಮಸಿ ಕೇಳಿದ್ನೋ? ನಿನ್ನ ಯಂತ್ರಕ್ಕ ಬೆಂಕಿ ಹತ್ತಲಿ! ನಾ ಹದಿನಾರು ವರ್ಷ ಈ ಅಂಗಡಿಗೆ ಬಂದಿದ್ದು ನಿನ್ನ ಮಾರಿ ನೋಡಾಕಂತ ತಿಳಿದಿಯೇನು? ಉಳಿದ ಚೀಲಾ ಏರಸ್ರಿ ಟೆಂಪೊದಾಗ!"

ಈಗ ಭರಮುವಿನ ಸೊಕ್ಕು ಇಳಿಯಿತು. ಎರಡೂ ಕೈ ಎತ್ತಿ ಟೆಂಪೊಗೆ ಅಡ್ಡ ನಿಂತು ಅರ್ಧ ತಾಸು ಬೇಡಿಕೊಂಡ, ಆಮೇಲೆ ಕಟ್ಟೆಯ ಹತ್ತಿರ ಬಂದ.

"ತಾರಾ, ಆತು, ನನ್ನದು ತಪ್ಪಾತು. ಎದ್ದು ಬಾ. ಇಷ್ಟು ಕುಟ್ಟಿಕೊಡು."

ತಾರವ್ವ ಎದ್ದು ಬಂದಳು. ಸೆರಗು ಸಿಕ್ಕಿಸಿದಳು, ಬೇರೆ ಬಾಣಲೆ ಇಟ್ಟಳು, ಒಲೆ ಸಣ್ಣದು ಮಾಡಿ ನಿಂತುಬಿಟ್ಟಳು.

"ಹೇಳ್ರಿ ಧಣೇರ. ಕೊಬ್ಬರಿ ಎಷ್ಟು ಹಾಕಲಿ?"

"ದಿನಾ ಎಷ್ಟು ಹಾಕತಿದ್ದಿ ಅಷ್ಟ ಹಾಕು."

"ದಿನಾ ಹೆಂಡ್ತಿ ಹಾಕತಿದ್ಲು. ಆಳು ಧಣಿ ಹೇಳಿದಷ್ಟ ಹಾಕಬೇಕು. ಹೇಳ್ರಿ. ಎಷ್ಟು ಕೊಬ್ಬರಿ? ಎಷ್ಟು ಎಳ್ಳು? ಬಳ್ಳೊಳ್ಳಿ ಯಾವಾಗ ಬಿಡಲಿ?"

ಭರಮು ಬಾಯಿ ತೆರೆದ. ಮೂರು ಹೆಜ್ಜೆ ದೂರದಲ್ಲಿ ಹದಿನೆಂಟು ವರ್ಷ ಅವಳ ಎದುರಿಗೇ ಕುಳಿತಿದ್ದ. ಸಾವಿರ ಸಲ ಅವಳ ಮುಷ್ಟಿ ಕೊಬ್ಬರಿ ಡಬ್ಬಿಗೆ ಹೋಗಿ ಬಂದದ್ದು ಕಣ್ಣ ಮುಂದೆಯೇ. ಒಂದು ಸಲವಾದರೂ ತಕ್ಕಡಿಯಿಂದ ಕಣ್ಣೆತ್ತಿ ನೋಡಿದ್ದನೇ? ಬಾಯಿ ಮುಚ್ಚಿದ. ಅವನು ಬಾಯಿ ಮುಚ್ಚಿದ್ದನ್ನು ಹಾರೂಗೇರಿಯ ಬಜಾರ ಮೊದಲನೆಯ ಸಲ ನೋಡಿತು.

"ಇದು ಹಿಂಗ ಬಗಿಹರಿಯೂದಿಲ್ಲಪಾ," ಎಂದು ಜಿನ್ನಪ್ಪ ಒದ್ದೆ ಕಣ್ಣು ಒರೆಸಿಕೊಳ್ಳುತ್ತ ಬಂದ. "ಆಳು ಕೈ ಅಷ್ಟ ತರತಾನ. ತಲಿ ತರೂದು ಪಾಲುದಾರ. ಬರಸು ಪಾಲುಪತ್ರ."

"ಮುಂಜಾನೆ ನೀನ ಆಳು ಅಂತ ಬರೀ ಅಂದಿ!"

"ಮುಂಜಾನೆ ಮುಂಜಾನಿದು. ಆಗ ಮೆಣಸಿನಕಾಯಿ ಸುಟ್ಟಿರಲಿಲ್ಲ."

ಜಿನ್ನಪ್ಪನ ಟ್ರಂಕಿನಲ್ಲಿ ಸ್ಟ್ಯಾಂಪು ಕಾಗದಕ್ಕೆ ಹಬ್ಬವಿಲ್ಲ, ರಜೆಯಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಬರವಣಿಗೆ ಶುರುವಾಯಿತು. ಕಸ್ತೂರೆವ್ವ ಟೆಂಪೊದ ನೆರಳಲ್ಲಿ ಕುಳಿತು, "ಲಗೂನ ಬರೀರಿ, ನನ್ನ ಮಗಳು ಮುದುಕಿ ಆಗೂದ್ರಾಗ ಮುಗೀಲಿ," ಎನ್ನುತ್ತಿದ್ದಳು.

"ಮೊದಲ ಅಕೀನ ಆಳಿನಿಂದ ಬಿಡಬೇಕಾಗತೈತಿ," ಎಂದ ಜಿನ್ನಪ್ಪ. "ಆಳಾಗಿದ್ದಾಕಿ ಪಾಲುದಾರಳಾಗೂದಿಲ್ಲ. ನಾಕ ಮಂದಿ ಮುಂದ ಹೇಳು."

"ಬಿಟ್ಟೆ, ಬಿಟ್ಟೆ! ಆ ಆಳಿನ ಮಾತು ರದ್ದಾತು. ಬರೀ ನೀ ಮುಂದ!"

ಜಿನ್ನಪ್ಪ ಬರೆದ. ಬರೆಯುತ್ತ ಹೋದಂತೆ ಭರಮುವಿಗೆ ಯಂತ್ರದ ಚಿಂತೆ ಮತ್ತೆ ಹತ್ತಿತು. ಜಿನ್ನಪ್ಪನ ಕಿವಿಯಲ್ಲಿ ಬಗ್ಗಿ, "ಯಣ್ಣಾ, ಒನಕಿ ನಾಕೂ ನನಗ ಉಳೀಬೇಕ ನೋಡು. ಗಟ್ಟಿ ಬರೀ," ಎಂದ. ಜಿನ್ನಪ್ಪ ತಲೆಯಾಡಿಸಿ ಷರತ್ತಿನ ಒಂದು ಕಲಮು ಸೇರಿಸಿ, ಎಲ್ಲರಿಗೂ ಕೇಳುವಂತೆ ಓದಿದ: ಇಬ್ಬರಲ್ಲಿ ಯಾರಿಗೆ ಪಾಲು ಬೇಡವಾದರೂ ಯಾವ ದಿನವಾದರೂ ನಾಲ್ಕು ಜನರ ಮುಂದೆ ಹೇಳಿ ಬಿಡಬಹುದು, ಬಿಡುವಾಗ ಯಾರು ಏನು ತಂದಿದ್ದರೋ ಅದನ್ನು ಅವರವರು ತೆಗೆದುಕೊಂಡು ಹೋಗತಕ್ಕದ್ದು.

"ಭಲೇ!" ಎಂದ ಭರಮು. ಯಂತ್ರ ತಂದವನು ತಾನು. ಅವಳು ಬಂದದ್ದು ಉಟ್ಟ ಸೀರೆಯಲ್ಲಿ.

"ತಾರವ್ವಾ, ನಿನಗ ಒಪ್ಪಿಗಿ ಐತೇನವಾ?"

ತಾರವ್ವ ಆ ಕಲಮಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ತಾನೇ ಓದಿಕೊಂಡಳು. "ಹೌದ್ರಿ, ಒಪ್ಪಿಗಿ ಐತಿ."

"ಹಂಗಾದ್ರ ಯಾರ ಜೋಡಿ ಪಾಲು ಹಾಕಾಕತ್ತಿ ಅಂತ ನಿನ್ನ ಬಾಯಿಲೆ ಹೇಳಬೇಕು."

ಅಲ್ಲಿ ಗಾಡಿ ನಿಂತಿತು. ಗಂಡನ ಹೆಸರು ಅವಳು ಈವರೆಗೆ ಬಾಯಿಯಿಂದ ಹೇಳಿರಲಿಲ್ಲ. "ಇವರ ಜೋಡಿ," ಎಂದಳು. ಇವರು ಎಂದು ಬಾಂಡಿನಲ್ಲಿ ಬರೆಯಲು ಬರುವುದಿಲ್ಲ ಎಂದು ಜಿನ್ನಪ್ಪ ಹಟ ಹಿಡಿದ. ಬಾಳಾಸಾಬ ದಾರಿ ತೋರಿಸಿದ: "ವೈನೀ, ಒಡಪು ಹಾಕಿ ಹೇಳ್ರಿ. ಹಬ್ಬದ ದಿನ ಐತಿ, ನಮಗೂ ಕೇಳಿದಂಗಾತು."

ತಾರವ್ವ ತಲೆ ತಗ್ಗಿಸಿ, ಆದರೆ ತಡವರಿಸದೆ ಹೇಳಿದಳು.

"ಬಳ್ಳೊಳ್ಳಿ ಬಿಡಿಸಿದ್ರ ಬೆರಳಿಗೆ ಉರಿ, ಮೆಣಸಿನಕಾಯಿ ಹುರದ್ರ ಮೂಗಿಗೆ ಉರಿ, ಭರಮು ಅವರು ಬಾಯಿ ತೆರದ್ರ ಬಜಾರಕ್ಕೆಲ್ಲಾ ಉರಿ."

ಟೆಂಪೊದ ಡ್ರೈವರು ಹಾರ್ನು ಬಾರಿಸಿ ನಕ್ಕ. ಭರಮುವೂ ನಕ್ಕ. ಕಾಗದದ ಕೆಳಗೆ ಅವನು ದೊಡ್ಡದಾಗಿ ಸಹಿ ಮಾಡಿದ, ತಾರವ್ವ ಅಕ್ಷರ ಕೂಡಿಸಿ ಕೂಡಿಸಿ ಸಣ್ಣದಾಗಿ ಮಾಡಿದಳು. ಜಿನ್ನಪ್ಪ ಫಾರ್ಮನ್ನೂ ತಿದ್ದಿದ. ಕೆಲಸಗಾರರು ಹೋಯಿತು, ಪಾಲುದಾರರು ಬಂತು. ತಾರವ್ವ ಅದನ್ನು ತಿರುಗಿಸಿ ನೋಡಿದಳು. ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಆ ಗಳಿಗೆಯಲ್ಲಿ ಅವಳ ಮುಖ ನೋಡಿದವರು, ಇನ್ನು ಈ ಜಗಳ ಮುಗಿಯಿತು ಎಂದೇ ತಿಳಿದರು. ಮುಗಿಯುತ್ತಲೂ ಇತ್ತು. ಒಬ್ಬ ಮನುಷ್ಯ ಒಂದು ಸಂಜೆ ಸುಮ್ಮನಿದ್ದರೆ ಸಾಕಿತ್ತು.

* * *

ಆಮೇಲೆ ಮೂರು ತಾಸು ಆ ಅಂಗಡಿಯಲ್ಲಿ ನಡೆದದ್ದನ್ನು ಕಸ್ತೂರೆವ್ವ ಈಗಲೂ ಹೇಳುತ್ತಾಳೆ. ತಾರವ್ವನ ಕೈ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಕ್ಕಿಯಂತೆ ಹಾರುತ್ತಿತ್ತು. ಕೊಬ್ಬರಿ ಕೆಂಪಾಗುವ ಹೊತ್ತಿಗೆ ಎಳ್ಳು ಚಟಪಟ ಅನ್ನುತ್ತಿತ್ತು. ಎಳ್ಳು ಇಳಿಯುವ ಹೊತ್ತಿಗೆ ಕೊತ್ತಂಬರಿ ಬೀಜ ಬಾಣಲೆಗೆ ಬೀಳುತ್ತಿತ್ತು. ಒನಕೆಗಳು ಬಡಿಯುತ್ತಿದ್ದವು, ಅವಳು ಕಿವಿಗೊಟ್ಟು ಕೇಳಿ, ಪೆಟ್ಟಿನ ಸಪ್ಪಳ ಮೆತ್ತಗಾದಾಗ ಬಳ್ಳೊಳ್ಳಿ ಬಿಡುತ್ತಿದ್ದಳು. ಮಧ್ಯಾಹ್ನ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಿದ್ದ ಬಜಾರ ಈಗ ಮೂಗರಳಿಸಿಕೊಂಡು ತಿರುಗಿ ಬಂತು. ಬಾಳಾಸಾಬನ ಗಿರಾಕಿಗಳು ಚಹಾ ಬಿಟ್ಟು ರೊಟ್ಟಿ ಕೇಳತೊಡಗಿದರು.

ಐದು ಗಂಟೆಗೆ ಕಸ್ತೂರೆವ್ವನ ಟೆಂಪೊ ಹೊರಟಿತು. ಅವಳು ತಾರವ್ವನ ಗಲ್ಲ ಮುಟ್ಟಿ, ಭರಮುವಿನ ಕಡೆ ನೋಡದೆ ಹೋದಳು.

ಭರಮು ಚಹಾದ ಅಂಗಡಿಯ ಬಾಕಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತ. ಯಂತ್ರ ಉಳಿದಿತ್ತು, ಗಿರಾಕಿ ಉಳಿದಿತ್ತು, ಹೆಂಡತಿ ಒಲೆಯ ಮುಂದಿದ್ದಳು. ಮುಂಜಾನೆಯಿಂದ ನಕ್ಕವರ ಮುಂದೆ ಒಂದಿಷ್ಟು ಮೀಸೆ ತಿರುವದಿದ್ದರೆ ಅವನಿಗೆ ಚಹಾ ಇಳಿಯುವಂತಿರಲಿಲ್ಲ.

"ಏನಂದ್ರಪಾ, ಭರಮು ಸೋತಾ ಅಂದ್ರೇನು? ಕಾಗದಾ ಓದ್ರಿ ಮೊದಲ! ಯಾರು ಏನ ತಂದಾರೋ ಅದನ್ನ ಅವರು ತಗೊಂಡು ಹೋಗಬೇಕು. ಯಂತ್ರ ನಂದು, ಜಾಗಾ ನಂದು, ತಕ್ಕಡಿ ನಂದು. ಅಕಿ ಏನ ತಂದಾಳ? ಏನೂ ಇಲ್ಲ! ಪಾಲುದಾರಳಂತ, ಪಾಲುದಾರಳು! ಅಳೂ ಕೂಸಿಗೆ ಒಂದು ಹಾಳಿ ಹರದು ಕೈಯಾಗ ಕೊಟ್ಟಂಗ ಕೊಟ್ಟೀನಿ. ನಾಳಿ ಬಿಟ್ಟು ಹ್ವಾದ್ರೂ ಬರಿಗೈಲೆ ಹೋಗಬೇಕು ಅಕಿ!"

ಬಾಳಾಸಾಬ ಕಣ್ಣಿನಿಂದ ಸನ್ನೆ ಮಾಡಿದ. ಭರಮು ತಿರುಗಿ ನೋಡಿದ. ಗಂಡನಿಗೆ ಕೊಡಲೆಂದು ಹೊಸ ಖಾರ ಹಚ್ಚಿದ ರೊಟ್ಟಿಯ ತಾಟು ಹಿಡಿದು ತಾರವ್ವ ಹಿಂದೆಯೇ ನಿಂತಿದ್ದಳು.

ಅವಳು ತಾಟನ್ನು ಬಾಕಿನ ಮೇಲಿಟ್ಟಳು.

"ಜಿನ್ನಪ್ಪಣ್ಣಾ, ನಾಕ ಮಂದಿ ಆದ್ರಲ್ಲಾ? ನನಗ ಈ ಪಾಲು ಬ್ಯಾಡ. ಬಿಟ್ಟೆ."

ಭರಮು ಗಹಗಹಿಸಿದ. "ಬಿಡು! ಬಿಡು! ಏನ ತಂದಿದ್ದಿ ಅದನ್ನ ತಗೊಂಡು ನಡಿ!"

"ಹೌದ್ರಿ. ತಗೊಂಡ ಹೊಂಟೀನಿ," ಎಂದು ತಾರವ್ವ ಬಾಳಾಸಾಬನ ಕೊಡದ ನೀರಲ್ಲಿ ಮೊಳಕೈವರೆಗೆ ಕೈ ತೊಳೆದುಕೊಂಡಳು. ಖಾರದ ಕೆಂಪು ನೀರು ಬಜಾರದ ಗಟಾರಕ್ಕೆ ಹರಿಯಿತು. ಕೈ ಒರೆಸಿಕೊಂಡು ಸೆರಗು ಹೊದ್ದಳು.

ಅದನ್ನು ನೋಡುತ್ತಿದ್ದ ಜಿನ್ನಪ್ಪನ ಮುಖ ಮೆಲ್ಲಗೆ ಬಿಳಿಚಿತು. "ಲೇ ಭರಮು," ಎಂದ. "ಅಕಿ ಕೈ ತಗೊಂಡ ಹೊಂಟಾಳೋ! ಏನೂ ತಂದಿಲ್ಲಾ ಅಂತೀಯಲ್ಲ, ಈ ಅಂಗಡಿಗೆ ಅಕಿ ತಂದಿದ್ದ ಅದು!"

"ಹೋಗಲಿ ಬಿಡು. ಎಲ್ಲಿಗೆ ಹೋಗತಾಳ? ಎಲಿ ಅಡಕಿ ಹಿಡದಾಳ. ಬರೂ ಪಾಡ್ಯಾತನಕ..."

ಜಿನ್ನಪ್ಪ ಅವನನ್ನೇ ನೋಡುತ್ತಿದ್ದ.

"ಆಳಾಗಿದ್ರ ವರ್ಷ ತುಂಬೂತನಕ ಎಲ್ಲೂ ಹೋಗ್ತಿರಲಿಲ್ಲಪಾ ಆ ಹೆಣಮಗಳು. ಮಾತಂದ್ರ ಮಾತು ಅಂದಿದ್ಲು. ಆ ಗಂಟು ನೀನ ಬಿಚ್ಚಿದಿ. ಯಾವಾಗ ಬೇಕಾದ್ರೂ ಬಿಡಬಹುದು ಅಂತ ನೀನ ಬರಸಿದಿ."

ಭರಮುವಿಗೆ ಆಗ ಏನು ಹೇಳಬೇಕಿತ್ತು ಎಂಬುದು ಆಮೇಲೆ ಎಷ್ಟೋ ದಿನ ಬೇರೆ ಬೇರೆ ರೀತಿಯಲ್ಲಿ ಹೊಳೆಯಿತು. ಆಗ ಹೊಳೆದದ್ದು ಇಷ್ಟೇ.

"ಏ, ಅಂಗಡಿ ಪಾಲು ಬಿಟ್ರ ಬಿಡು! ಸಂಸಾರ ಬಿಡಾಕ ನಿನಗ ಯಾರು ಹೇಳ್ಯಾರ?"

ತಾರವ್ವ ನಿಂತು ಅವನ ಮುಖ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಅವನಿಗೆ ಉತ್ತರ ಕೊಡಲು ಬರುತ್ತಿತ್ತು.

"ಸಂಸಾರ ಅಂತ ತಿಳದ ಹದಿನೆಂಟ ವರ್ಷ ಕುಟ್ಟಿದೇನ್ರಿ. ಮುಂಜಾನೆ ನೀವ ಅದಕ ಬ್ಯಾರೆ ಹೆಸರಿಟ್ರಿ. ತವರೂರು ಭೋಜದಾಗ ನಮ್ಮಣ್ಣನ ಮನ್ಯಾಗ ಒಂದು ಒರಳೈತಿ, ಕೈಯಾಗ ಕಸುಬೈತಿ. ರೊಟ್ಟಿ ಆರತೈತಿ, ಉಣ್ರಿ."

ಚಿಕ್ಕೋಡಿಯ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು. ಬಾಳಾಸಾಬನ ಅಂಗಡಿಯಿಂದ ಅಲ್ಲಿಗೆ ಹೆಚ್ಚೆಂದರೆ ನೂರು ಹೆಜ್ಜೆ. ತಾರವ್ವ ಅವಸರ ಮಾಡಲಿಲ್ಲ, ತಿರುಗಿಯೂ ನೋಡಲಿಲ್ಲ.

"ಓಡು, ಭರಮುಭಾವು, ಹೋಗಿ ಕರಕೊಂಡು ಬಾ," ಎಂದ ಬಾಳಾಸಾಬ. ಅವನ ದನಿಯಲ್ಲಿ ಈಗ ಚೇಷ್ಟೆ ಇರಲಿಲ್ಲ.

ಭರಮು ಏಳಲಿಲ್ಲ. ಎಲ್ಲರೂ ನೋಡುತ್ತಿದ್ದರು. ಗಂಡಸು ಬಜಾರದಲ್ಲಿ ಹೆಂಡತಿಯ ಹಿಂದೆ ಓಡುವುದೇ? "ಎಲ್ಲಿ ಹೋಗತಾಳ, ದೀಪಾ ಹಚ್ಚೂದ್ರಾಗ ಬರತಾಳ," ಎಂದು ರೊಟ್ಟಿ ಮುರಿದು ಬಾಯಿಗಿಟ್ಟ. ಖಾರ ಹದವಾಗಿತ್ತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನು ಆ ಹದವನ್ನು ನಿಧಾನವಾಗಿ, ಕೊಬ್ಬರಿ ಎಷ್ಟಿದೆ, ಎಳ್ಳು ಎಷ್ಟಿದೆ ಎಂದು ನಾಲಿಗೆಯಲ್ಲಿ ಹುಡುಕುತ್ತ ತಿಂದ. ಬಸ್ಸು ಹೊರಟ ಸಪ್ಪಳ ಕೇಳಿತು. ತಾಟಿನಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು.

ಮರುದಿನ ಆ ಬಸ್ಸು ಚಿಕ್ಕೋಡಿಯಿಂದ ತಿರುಗಿ ಬಂತು. ಭರಮು ಯಂತ್ರಕ್ಕೆ ಎಣ್ಣೆ ಬಿಡುವ ನೆಪದಲ್ಲಿ ಬಾಗಿಲಲ್ಲಿ ನಿಂತು ನೋಡಿದ. ಇಬ್ಬರು ಕಬ್ಬಿನ ಗ್ಯಾಂಗಿನವರು ಇಳಿದರು, ಒಬ್ಬ ಮಾಸ್ತರು ಇಳಿದ, ಕೋಳಿಬುಟ್ಟಿ ಹೊತ್ತ ಒಬ್ಬ ಮುದುಕಿ ಇಳಿದಳು. ಕಂಡಕ್ಟರು ಬಾಗಿಲು ಎಳೆದುಕೊಂಡ.